ಆನೆಯ ಮೇಲಿಂದ ಇಳಿಯಲಾಗದ ಹುಡುಗ

ಸುರಪುರ ಸೀಮೆಯ ತಿಂಥಣಿಯಲ್ಲಿ ಆನೆ ಎಂಬುದು ಕೇಳಿ ತಿಳಿಯುವ ಪ್ರಾಣಿ. ಕೃಷ್ಣಾ ನದಿಯ ದಂಡೆ, ಮೌನೇಶ್ವರರ ಗುಡಿ, ಎರೆ ಹೊಲ, ಅಲ್ಲಲ್ಲಿ ಬಂಡೆಗಲ್ಲಿನ ಗುಡ್ಡ. ಇಷ್ಟರ ನಡುವೆ ಬೆಳೆಯುವ ಹುಡುಗರು ಎತ್ತಿನ ಕೊಂಬು ಹಿಡಿಯಬಲ್ಲರು, ಎಮ್ಮೆಯ ಬೆನ್ನೇರಿ ಹೊಳೆಗೆ ಇಳಿಯಬಲ್ಲರು. ಆನೆಯನ್ನು ಮಾತ್ರ ಪಾಠದ ಪುಸ್ತಕದಲ್ಲಿ, ಸರ್ಕಸ್ಸಿನಲ್ಲಿ, ಇಲ್ಲವೆ ಟಿ.ವಿ.ಯಲ್ಲಿ ಮೈಸೂರು ದಸರಾ ಮೆರವಣಿಗೆ ಬಂದಾಗ ನೋಡಬೇಕು. ಎಮ್ಮೆಯ ಮೇಲೆ ಕೂತ ಹುಡುಗನನ್ನು ಯಾರೂ ತಿರುಗಿ ನೋಡುವುದಿಲ್ಲ. ಆನೆಯ ಮೇಲೆ ಕೂತ ಹುಡುಗನೊಬ್ಬನನ್ನು ಇಡೀ ಜಗತ್ತು ತಿರುಗಿ ನೋಡಿದ್ದುಂಟು. ಆತ ಇದೇ ಕರ್ನಾಟಕದವನು, ಮೈಸೂರು ಕಡೆಯವನು.

ಹೆಸರು ಸಾಬು. ಹಾಲಿವುಡ್ಡಿನಲ್ಲಿ ತಾರೆಯೆನಿಸಿದ ಮೊದಲ ಭಾರತೀಯ. ಕೊನೆಗೆ ಅವನು ಮನೆ ಮಾಡಿಕೊಂಡದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್ ಎಂಬಲ್ಲಿ. ಅಲ್ಲಿನ ಬಂಡೆಗುಡ್ಡಗಳ ಸಂದಿಯಲ್ಲೇ ಅಮೆರಿಕದವರು ತಮ್ಮ ಕೌಬಾಯ್ ಚಿತ್ರಗಳನ್ನೂ ಟೆಲಿವಿಷನ್ ಧಾರಾವಾಹಿಗಳನ್ನೂ ರಾಶಿರಾಶಿಯಾಗಿ ತೆಗೆದರು. ಅಂಥ ಚಿತ್ರಗಳಿಗೆ ಅಲ್ಲಿ 'ವೆಸ್ಟರ್ನ್' ಎಂದು ಹೆಸರು. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದು 1975ರಲ್ಲಿ ತೆರೆಕಂಡ 'ಶೋಲೆ' ಆ ಜಾತಿಯ ಚಿತ್ರಗಳ ದೂರದ ನೆಂಟ. ಕುದುರೆ ಏರಿದ ನಟರು ಆ ಗುಡ್ಡಗಳಲ್ಲಿ ಹಣವನ್ನೂ ಹೆಸರನ್ನೂ ಗಳಿಸುತ್ತಿದ್ದಾಗ, ಆನೆ ಏರಿ ಬಂದಿದ್ದ ಸಾಬು ಪಕ್ಕದಲ್ಲೇ ಕೆಲಸವಿಲ್ಲದೆ ಕೂತಿದ್ದ.

ಸಾಬು ಹುಟ್ಟಿದ್ದು 1924ರ ಜನವರಿ 27ರಂದು, ಅಂದಿನ ಮೈಸೂರು ಸಂಸ್ಥಾನದ ಕಾರಾಪುರದಲ್ಲಿ. ಈಗ ಅದು ಹೆಗ್ಗಡದೇವನಕೋಟೆ ತಾಲ್ಲೂಕು, ಕಬಿನಿ ಹಿನ್ನೀರಿನ ಬದಿ. ಆಗ ಸುತ್ತಲೂ ಕಾಕನಕೋಟೆಯ ದಟ್ಟ ಕಾಡು. ಕಾಡಾನೆಗಳನ್ನು ಹಿಂಡುಹಿಂಡಾಗಿ ಅಟ್ಟಿ ಹಿಡಿಯುವ ಖೆಡ್ಡಾಕ್ಕೆ ಹೆಸರಾದ ಜಾಗ. ತಂದೆ ಮಹಾರಾಜರ ಆನೆಗಳ ಮಾವುತ. ತಾಯಿ ಮಗು ಎಳೆಯದಿದ್ದಾಗಲೇ ತೀರಿಕೊಂಡಳು. ಕೆಲವೇ ವರ್ಷಗಳಲ್ಲಿ ತಂದೆಯೂ ಹೋದ. ಅಣ್ಣನೊಬ್ಬ ಉಳಿದ. ಉಳಿದಂತೆ ಅರಮನೆಯ ಆನೆ ಲಾಯವೇ ಆ ಹುಡುಗನ ಮನೆ. ಆನೆಗಳಿಗೆ ಮೇವು ಹಾಕುವುದು, ಕೆರೆಗೆ ಹೊಡೆದುಕೊಂಡು ಹೋಗಿ ಮೈ ತಿಕ್ಕುವುದು, ಇದೇ ಅವನ ಶಾಲೆ.

ಮಾವುತನ ವಿದ್ಯೆ ದೂರದಿಂದ ನೋಡುವವರಿಗೆ ಅರ್ಥವಾಗದು. ಅಂಕುಶ ಹಿಡಿದವನು ಅದರಿಂದಲೇ ಆನೆ ಓಡಿಸುತ್ತಾನೆಂದು ನಾವು ತಿಳಿದಿರುತ್ತೇವೆ. ನಿಜವಾಗಿ ಕೆಲಸ ಮಾಡುವುದು ಅವನ ಕಾಲ್ಬೆರಳು. ಕತ್ತಿನ ಮೇಲೆ ಕೂತು, ಆನೆಯ ಕಿವಿಯ ಹಿಂದಿನ ಮೆತ್ತನೆಯ ಚರ್ಮವನ್ನು ಕಾಲ್ಬೆರಳಿನಿಂದ ಒತ್ತಿದರೆ ಅದಕ್ಕೆ ಯಾವ ಕಡೆ ತಿರುಗಬೇಕು, ಎಲ್ಲಿ ನಿಲ್ಲಬೇಕು ಎಂಬುದು ತಿಳಿಯುತ್ತದೆ. ಮೂರು ನಾಲ್ಕು ಸಾವಿರ ಕಿಲೋ ತೂಗುವ ಪ್ರಾಣಿಗೆ ನಾಲ್ಕು ಮಾತು, ಎರಡು ಕಾಲ್ಬೆರಳು. ಇದನ್ನು ಪುಸ್ತಕದಿಂದ ಕಲಿಯಲಾಗದು. ಆನೆಯ ನೆರಳಲ್ಲಿ ಬೆಳೆದ ಮಕ್ಕಳಿಗೆ ಮಾತ್ರ ಒಲಿಯುತ್ತದೆ. ಸಾಬುವಿಗೆ ಒಲಿದಿತ್ತು.

1935ರಲ್ಲಿ ಮೈಸೂರಿಗೆ ಒಂದು ಚಿತ್ರತಂಡ ಬಂದಿತು. ಅದರ ಮುಖ್ಯಸ್ಥ ರಾಬರ್ಟ್ ಫ್ಲಾಹರ್ಟಿ. ಹಿಮನಾಡಿನ ಎಸ್ಕಿಮೊಗಳ ನಡುವೆ ಹೋಗಿ 1922ರಲ್ಲಿ 'ನಾನೂಕ್ ಆಫ್ ದ ನಾರ್ತ್' ತೆಗೆದು ಸಾಕ್ಷ್ಯಚಿತ್ರ ಎಂಬ ಪ್ರಕಾರಕ್ಕೇ ತಳಹದಿ ಹಾಕಿದಾತ. ನಟರನ್ನು ಆತ ನಂಬುತ್ತಿರಲಿಲ್ಲ. ಊರಿಗೆ ಹೋಗಿ ಆ ಊರಿನ ಜನರನ್ನೇ ಕ್ಯಾಮೆರಾದ ಮುಂದೆ ನಿಲ್ಲಿಸುವುದು ಆತನ ಪದ್ಧತಿ. ಈ ಸಲ ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾನ ಹಣ, ರುಡ್ಯಾರ್ಡ್ ಕಿಪ್ಲಿಂಗನ ಕಥೆ. ಆನೆಗಳ ಜೊತೆ ಬೆಳೆದ ತೂಮಾಯ್ ಎಂಬ ಪುಟ್ಟ ಹುಡುಗ, ಬೇರೆ ಯಾರೂ ಕಾಣದ ಕಾಡಾನೆಗಳ ಕುಣಿತವನ್ನು ಕಂಡುಬರುವ ಕಥೆ ಅದು. ಮೈಸೂರಿನ ದೊರೆ ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನರು ಮಿರ್ಜಾ ಇಸ್ಮಾಯಿಲ್. ತಂಡಕ್ಕೆ ಚಿತ್ತರಂಜನ ಮಹಲಿನಲ್ಲಿ ಬಿಡಾರ, ಜೊತೆಗೆ ಅರಮನೆಯ ಆನೆಗಳು.

ಎಲ್ಲ ಸಿಕ್ಕಿತು, ತೂಮಾಯ್ ಮಾತ್ರ ಸಿಗಲಿಲ್ಲ. ಹಲವು ಹುಡುಗರನ್ನು ನೋಡಿದರು. ಕೊನೆಗೆ ಛಾಯಾಗ್ರಾಹಕ ಆಸ್ಮಂಡ್ ಬೊರಡೇಲ್‌ನ ಕಣ್ಣಿಗೆ ಆನೆ ಲಾಯದಲ್ಲಿ ಬಿದ್ದವನು ಹನ್ನೊಂದು ವರ್ಷದ ಈ ಸಾಬು. ಸಣಕಲು ಮೈ, ಬರಿಗಾಲು, ಮುಖದ ತುಂಬ ನಗು. ಕ್ಯಾಮೆರಾ ಎಂದರೇನೆಂದು ತಿಳಿಯದವನಿಗೆ ಅದರ ಭಯವೂ ಇರಲಿಲ್ಲ. ಚಿತ್ರದ ದೊಡ್ಡ ಆನೆಯ ಹೆಸರು ಐರಾವತ. ಮುಸ್ಲಿಂ ಮಾವುತನ ಮಗ ಐರಾವತನ ಕತ್ತೇರಿ ಕೂತದ್ದು ಮೈಸೂರಿನಲ್ಲಿ ಯಾರಿಗೂ ವಿಶೇಷವೆನಿಸಲಿಲ್ಲ. ಹಿಂದೂ ಮುಸ್ಲಿಂ ಇಬ್ಬರೂ ಮೌನೇಶ್ವರರಿಗೆ ನಡೆದುಕೊಳ್ಳುವ ತಿಂಥಣಿಯವರಿಗೂ ಅದು ವಿಶೇಷವೆನಿಸಲಾರದು.

ಚಿತ್ರೀಕರಣ ವರ್ಷ ಕಳೆದರೂ ಮುಗಿಯಲಿಲ್ಲ. ಮಳೆ, ಬಿಸಿಲು, ಆನೆಗಳ ಚಲನೆ ಎನ್ನುತ್ತ ಫ್ಲಾಹರ್ಟಿ ಲಕ್ಷಾಂತರ ಅಡಿ ಫಿಲ್ಮ್ ಓಡಿಸುತ್ತಿದ್ದ; ಕಥೆ ಮುಂದೆ ಸಾಗುತ್ತಿರಲಿಲ್ಲ. ಬೇಸತ್ತ ಕೊರ್ಡಾ ಎಲ್ಲರನ್ನೂ ಲಂಡನ್ನಿಗೆ ಕರೆಸಿದ. ಉಳಿದ ಭಾಗವನ್ನು ಡೆನ್ಹ್ಯಾಮ್ ಸ್ಟುಡಿಯೊದಲ್ಲಿ ತಮ್ಮ ಜೊಲ್ಟಾನ್ ಕೊರ್ಡಾನಿಂದ ಮಾಡಿಸಿದ. ಹೀಗೆ 1937ರಲ್ಲಿ 'ಎಲಿಫೆಂಟ್ ಬಾಯ್' ಹೊರಬಂತು. ವೆನಿಸ್ ಚಿತ್ರೋತ್ಸವದಲ್ಲಿ ಇಬ್ಬರೂ ನಿರ್ದೇಶಕರಿಗೆ ಪ್ರಶಸ್ತಿ. ಆದರೆ ಜನ ನೋಡಲು ಹೋದದ್ದು ಹುಡುಗನನ್ನು. ಅವನು ನಟಿಸಿದ್ದೇನೂ ಇಲ್ಲ. ಲಾಯದಲ್ಲಿ ದಿನವೂ ಮಾಡುತ್ತಿದ್ದುದನ್ನೇ ಮಾಡಿದ್ದ.

ಸಾಬುವಿನ ಜೊತೆಗೆ ಅಣ್ಣ ದಸ್ತಗೀರನೂ ಇಂಗ್ಲೆಂಡಿಗೆ ಹೋದ. ಚಿತ್ರಚರಿತ್ರೆಯ ಪುಸ್ತಕಗಳಲ್ಲಿ ಹುಡುಗನ ಹೆಸರು 'ಸಾಬು ದಸ್ತಗೀರ್' ಎಂದೇ ಇದೆ. ಅದು ಅಣ್ಣನ ಹೆಸರು ತಮ್ಮನಿಗೆ ಅಂಟಿಕೊಂಡದ್ದು ಎಂದು ಆತನ ಬಗ್ಗೆ ಬರೆದ ಸಂಶೋಧಕರ ಅಭಿಪ್ರಾಯ. ಪರದೇಶದ ಗುಮಾಸ್ತನಿಗೆ ಇಬ್ಬರಲ್ಲಿ ಯಾರ ಹೆಸರಾದರೇನು? ಕಂಪನಿ ಹುಡುಗನನ್ನು ಇಂಗ್ಲಿಷ್ ಶಾಲೆಗೆ ಸೇರಿಸಿತು. ಭಾಷೆಯನ್ನು ಬೇಗ ಕಲಿತ. ಓದಿಗಿಂತ ಮೊದಲು ಅವನಿಗೆ ಬಂದದ್ದು ಮುಂದಿನ ಚಿತ್ರದ ಕರೆ.

ಆ ಚಿತ್ರ 1938ರ 'ದ ಡ್ರಮ್'. ವಾಯವ್ಯ ಗಡಿನಾಡಿನಲ್ಲಿ ಇಂಗ್ಲಿಷರ ಪಕ್ಷ ವಹಿಸುವ ರಾಜಕುಮಾರನ ಪಾತ್ರ. ಸ್ವಾತಂತ್ರ್ಯ ಹೋರಾಟದ ಕಾವಿನಲ್ಲಿದ್ದ ಭಾರತದಲ್ಲಿ ಇಂಥ ಚಿತ್ರಕ್ಕೆ ಸ್ವಾಗತ ಸಿಗುವುದು ಹೇಗೆ? ಮುಂಬಯಿ, ಮದರಾಸುಗಳಲ್ಲಿ ಪ್ರತಿಭಟನೆಗಳಾಗಿ ಚಿತ್ರವನ್ನು ನಿಲ್ಲಿಸಬೇಕಾಯಿತು. ನಾಯಕನಿಗೆ ಹದಿನಾಲ್ಕು ವರ್ಷ. ಹೇಳಿಕೊಟ್ಟ ಮಾತು ಹೇಳಿದ್ದ, ಹಾಕಿಕೊಟ್ಟ ಬಟ್ಟೆ ತೊಟ್ಟಿದ್ದ. ಆದರೂ ತೆರೆಯ ಮೇಲಿದ್ದುದು ಅವನ ಮುಖ.

ನಂತರ ಬಂದದ್ದು 'ದ ಥೀಫ್ ಆಫ್ ಬಾಗ್ದಾದ್', 1940. ಸಾಬುವಿನ ಚಿತ್ರಗಳಲ್ಲಿ ಇವತ್ತಿಗೂ ಬೇಸರವಿಲ್ಲದೆ ನೋಡಬಹುದಾದದ್ದು ಇದೇ. ಡೆನ್ಹ್ಯಾಮಿನಲ್ಲಿ ಚಿತ್ರೀಕರಣ ನಡೆಯುತ್ತಿದ್ದಾಗ ಎರಡನೆಯ ಮಹಾಯುದ್ಧ ಆರಂಭವಾಯಿತು. ಉಳಿದ ಕೆಲಸವನ್ನು ಅಮೆರಿಕಕ್ಕೆ ಒಯ್ದರು, ಸಾಬುವೂ ಹೋದ. ಅದರಲ್ಲಿ ಕಳ್ಳಹುಡುಗ ಅಬು ಸೀಸೆಯ ಮುಚ್ಚಳ ತೆಗೆಯುತ್ತಾನೆ. ಹೊಗೆ ಎದ್ದು ಗುಡ್ಡದೆತ್ತರದ ಭೂತ ನಿಲ್ಲುತ್ತದೆ. ಭೂತನ ಪಾದದ ಬಳಿ ಹುಡುಗ ಇರುವೆಯಷ್ಟು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದು ಹೇಗಾಯಿತು? ವಿಜ್ಞಾನ ಓದುವ ಮಕ್ಕಳು ಇಲ್ಲಿ ಸ್ವಲ್ಪ ನಿಲ್ಲಬೇಕು.

ಅಂದಿನ ಟೆಕ್ನಿಕಲರ್ ಕ್ಯಾಮೆರಾದೊಳಗೆ ಗಾಜಿನ ಪಟ್ಟಕವಿತ್ತು. ಅದು ಬೆಳಕನ್ನು ಒಡೆದು ಕೆಂಪು, ಹಸಿರು, ನೀಲಿ ಮೂರಕ್ಕೂ ಬೇರೆಬೇರೆ ನೆಗೆಟಿವ್‌ಗಳ ಮೇಲೆ ಬೀಳಿಸುತ್ತಿತ್ತು. ಮೂರೂ ಕಪ್ಪುಬಿಳುಪು, ಬಣ್ಣ ಕೂಡುವುದು ಮುದ್ರಿಸುವಾಗ. ಲಾರೆನ್ಸ್ ಬಟ್ಲರ್ ಎಂಬ ತಂತ್ರಜ್ಞ ನಟನನ್ನು ಕಡುನೀಲಿ ಪರದೆಯ ಮುಂದೆ ನಿಲ್ಲಿಸಿದ. ಮನುಷ್ಯನ ಚರ್ಮದಲ್ಲಿ ನೀಲಿ ಬಹಳ ಕಡಿಮೆ. ಹೀಗಾಗಿ ನೀಲಿಯ ನೆಗೆಟಿವ್‌ನಲ್ಲಿ ಪರದೆ ಗಾಢವಾಗಿ ಮೂಡುತ್ತದೆ, ಕೆಂಪಿನದರಲ್ಲಿ ಮೂಡುವುದೇ ಇಲ್ಲ. ಎರಡನ್ನೂ ಒಂದರ ಮೇಲೊಂದು ಇಟ್ಟು ಮುದ್ರಿಸಿದರೆ ನಟನ ಆಕಾರದ ಕಪ್ಪು ಅಚ್ಚು ಸಿಗುತ್ತದೆ. ಆ ಅಚ್ಚು ಅಡ್ಡವಿಟ್ಟು ಹಿನ್ನೆಲೆಯ ದೃಶ್ಯ ಮುದ್ರಿಸಬೇಕು. ಅದರ ತಿರುಗುಮುರುಗು ಅಚ್ಚು ಇಟ್ಟು ನಟನನ್ನು ಆ ಖಾಲಿ ಜಾಗದೊಳಗೆ ಮುದ್ರಿಸಬೇಕು. ಹತ್ತಿರದ ದೃಶ್ಯದಲ್ಲಿ ಭೂತ, ದೂರದ ದೃಶ್ಯದಲ್ಲಿ ಹುಡುಗ, ಎರಡೂ ಒಂದೇ ಚೌಕಟ್ಟಿನಲ್ಲಿ. ಅಂಚಿನಲ್ಲಿ ತೆಳುವಾದ ನೀಲಿ ಗೆರೆ ಉಳಿದುಬಿಡುತ್ತಿತ್ತು; ಗಮನವಿಟ್ಟು ನೋಡಿದರೆ ಈಗಲೂ ಕಾಣುತ್ತದೆ. ಈ ಕೆಲಸಕ್ಕೆ ಬಟ್ಲರ್ ಆಸ್ಕರ್ ಪಡೆದ. ಚಿತ್ರಕ್ಕೆ ಒಟ್ಟು ಮೂರು ಆಸ್ಕರ್ ಬಂದವು. ಟಿ.ವಿ.ಯಲ್ಲಿ ಹವಾಮಾನ ವರದಿ ಓದುವವರ ಹಿಂದೆ ಮೋಡಗಳ ನಕ್ಷೆ ಮೂಡುವುದು ಇದೇ ಉಪಾಯದಿಂದ, ಪರದೆಯ ಬಣ್ಣ ಹೆಚ್ಚಾಗಿ ಹಸಿರು.

1942ರಲ್ಲಿ 'ಜಂಗಲ್ ಬುಕ್'. ತೋಳಗಳು ಸಾಕಿದ ಮೌಗ್ಲಿಯಾಗಿ ಸಾಬು. ಕಥೆ ಭಾರತದ್ದು, ಕಾಡು ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿಸಿದ್ದು, ನಾಯಕ ಮಾತ್ರ ಅಸಲಿ ಕಾಡಿನ ಅಂಚಿನವನು. ಚಿತ್ರದ ಸಂಗೀತವನ್ನು ಸಾಬುವಿನ ನಿರೂಪಣೆಯೊಂದಿಗೆ ಧ್ವನಿಮುದ್ರಿಕೆಯಾಗಿ ಮಾರಿದರು. ಆಮೇಲೆ ಯೂನಿವರ್ಸಲ್ ಕಂಪನಿಯ 'ಅರೇಬಿಯನ್ ನೈಟ್ಸ್', 'ವೈಟ್ ಸ್ಯಾವೇಜ್', 'ಕೋಬ್ರಾ ವುಮನ್'. ಇವುಗಳಲ್ಲಿ ನಾಯಕ ಬೇರೆ, ನಾಯಕಿ ಬೇರೆ. ಸಾಬು ನಾಯಕನ ಚಿಕ್ಕ ಗೆಳೆಯ. ಪ್ರಾಯಕ್ಕೆ ಬಂದ ಹುಡುಗನಿಗೆ ಬಿಳಿಯ ನಾಯಕಿಯ ಎದುರು ನಾಯಕನ ಪಾತ್ರ ಕೊಡುವ ಧೈರ್ಯ ಅಂದಿನ ಹಾಲಿವುಡ್ಡಿಗೆ ಇರಲಿಲ್ಲ. ಬಟ್ಟೆ ಕಡಿಮೆ, ನಗು ಹೆಚ್ಚು, ಜೊತೆಗೊಂದು ಪ್ರಾಣಿ, ಇಷ್ಟೇ ಬರೆದು ಕೊಟ್ಟ ಪಾತ್ರ.

ಇಲ್ಲಿ ಸಾಬು ಯಾರೂ ಬರೆದುಕೊಡದ ಕೆಲಸವೊಂದನ್ನು ಮಾಡಿದ. ಸೈನ್ಯ ಸೇರಿದ. ಆ ಕಾಲದ ಅಮೆರಿಕದ ಕಾನೂನಿನಲ್ಲಿ ಭಾರತೀಯರಿಗೆ ಪೌರತ್ವದ ಬಾಗಿಲು ಮುಚ್ಚಿತ್ತು. ಅದು ಎಲ್ಲರಿಗೂ ತೆರೆದದ್ದು 1946ರಲ್ಲಿ. ಯುದ್ಧಕಾಲದಲ್ಲಿ ಸೈನ್ಯ ಸೇರಿದವರಿಗೆ ಒಂದು ಕಿರುದಾರಿಯಿತ್ತು. 1944ರ ಜನವರಿಯಲ್ಲಿ ಸಾಬು ಅಮೆರಿಕದ ಪ್ರಜೆಯಾದ. ಆತನಿಗೆ ಸಿಕ್ಕ ಕೆಲಸ ಬಿ-24 ಬಾಂಬರ್ ವಿಮಾನದ ಬಾಲದ ಗನ್ನರ್.

ಆ ಜಾಗ ಎಂಥದ್ದೆಂದು ಸ್ವಲ್ಪ ಊಹಿಸಿಕೊಳ್ಳಬೇಕು. ವಿಮಾನದ ತುದಿಯಲ್ಲಿ ಒಬ್ಬನೇ ಕೂರುವ ಗೂಡು. ಗಿಡ್ಡ ಆಳುಗಳಿಗೇ ಅದು ಇಕ್ಕಟ್ಟು. ಎಲ್ಲರೂ ಮುಂದೆ ನೋಡುತ್ತ ಹಾರುವಾಗ ಇವನು ಹಿಂದೆ ನೋಡುತ್ತ ಹಾರಬೇಕು. ಮೇಲೆ ಹೋದಂತೆ ಪ್ರತಿ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿಯಷ್ಟು ಉಷ್ಣತೆ ಇಳಿಯುತ್ತದೆ, ಗಾಳಿಯೂ ತೆಳುವಾಗುತ್ತದೆ. ಶತ್ರು ವಿಮಾನಗಳು ಹಿಂದಿನಿಂದ ಬಂದರೆ ಮೊದಲ ಗುಂಡು ಈ ಗೂಡಿಗೇ. ಪೆಸಿಫಿಕ್ ಸಾಗರದ ಮೇಲೆ ಹತ್ತಾರು ದಾಳಿಗಳಲ್ಲಿ ಹೀಗೆ ಹಾರಿದ ಸಾಬುವಿಗೆ 'ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್' ಪದಕ ಬಂತು. ಆತನ ಬದುಕಿನಲ್ಲಿ ಆನೆಯ ಸಹಾಯವಿಲ್ಲದೆ ಗಳಿಸಿದ ದೊಡ್ಡ ಗೌರವ ಇದು. ಸಿನಿಮಾದವರಿಗೆ ಮಾತ್ರ ಇದು ನೆನಪಿನಲ್ಲಿ ಉಳಿಯಲಿಲ್ಲ.

ಯುದ್ಧ ಮುಗಿದು ಮರಳಿದಾಗ ವಯಸ್ಸು ಇಪ್ಪತ್ತೊಂದು ದಾಟಿತ್ತು. 1947ರ 'ಬ್ಲ್ಯಾಕ್ ನಾರ್ಸಿಸಸ್' ಒಳ್ಳೆಯ ಚಿತ್ರ. ಹಿಮಾಲಯದ ತಪ್ಪಲಲ್ಲಿ ನಡೆಯುವ ಕಥೆಯನ್ನು ಲಂಡನ್ ಬಳಿಯ ಪೈನ್‌ವುಡ್ ಸ್ಟುಡಿಯೊದಲ್ಲಿ ಗಾಜಿನ ಮೇಲೆ ಬರೆದ ಬೆಟ್ಟಗಳೊಂದಿಗೆ ತೆಗೆದರು. ಅದರಲ್ಲಿ ಸಾಬುವಿನದು ರೇಷ್ಮೆ ಉಡುಪಿನ ಪುಟ್ಟ ರಾಜಕುಮಾರನ ಪಾತ್ರ. 1948ರಲ್ಲಿ ನಟಿ ಮರ್ಲಿನ್ ಕೂಪರ್ ಜೊತೆ ಮದುವೆಯಾಯಿತು, ಇಬ್ಬರು ಮಕ್ಕಳಾದರು. ಮನೆಯಲ್ಲಿ ಮಗನನ್ನು ಎತ್ತಿಕೊಂಡ ತಂದೆ, ಸ್ಟುಡಿಯೊದಲ್ಲಿ ಇನ್ನೂ ಕಾಡುಹುಡುಗ. ಆ ಹೊತ್ತಿಗೆ ಭಾರತ ಸ್ವತಂತ್ರವಾಗಿತ್ತು. ರಾಜಕುಮಾರ, ಆನೆ, ಹುಲಿ, ಸಲಾಮು ಹೊಡೆಯುವ ಸೇವಕ ಎಂಬ ಹಳೆಯ ಸರಕಿಗೆ ಬೇಡಿಕೆ ಇಳಿದಿತ್ತು. ಹೊಸ ಸರಕಿನಲ್ಲಿ ಸಾಬುವಿಗೆ ಜಾಗವಿರಲಿಲ್ಲ. ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಆನೆಗಳ ಜೊತೆ ಪ್ರದರ್ಶನ ಕೊಟ್ಟ. ಇಟಲಿಯಲ್ಲಿ ಒಂದು ಚಿತ್ರ ಮಾಡಿದ, ಅದರಲ್ಲೂ ಆನೆ.

ತಾಯ್ನಾಡು ಒಮ್ಮೆ ಕರೆದಿತ್ತು. ಮೆಹಬೂಬ್ ಖಾನ್ 'ಮದರ್ ಇಂಡಿಯಾ' ಚಿತ್ರದ ಬಿರ್ಜುವಿನ ಪಾತ್ರಕ್ಕೆ ಮೊದಲು ಯೋಚಿಸಿದ್ದು ಸಾಬುವನ್ನು. ಆದರೆ ಅಮೆರಿಕದ ಪ್ರಜೆಗೆ ಇಲ್ಲಿ ಕೆಲಸ ಮಾಡುವ ಪರವಾನಗಿ ಸಿಗಲಿಲ್ಲ. ಪಾತ್ರ ಸುನಿಲ್ ದತ್ತರಿಗೆ ಹೋಯಿತು. 1957ರಲ್ಲಿ ತೆರೆಕಂಡ ಆ ಚಿತ್ರದಲ್ಲಿ ಬಿರ್ಜು ಸಿಟ್ಟಿನ ಯುವಕ, ತಾಯಿಯ ಗುಂಡಿಗೆ ಸಾಯುವವನು. ಸಾಬುವಿಗೆ ಯಾರೂ ಅಂಥ ಪಾತ್ರ ಕೊಟ್ಟಿರಲಿಲ್ಲ, ಮುಂದೆಯೂ ಕೊಡಲಿಲ್ಲ. ಕನ್ನಡ ನಾಡಿನ ಈ ಹುಡುಗ ಒಂದೇ ಒಂದು ಭಾರತೀಯ ಚಿತ್ರದಲ್ಲೂ ನಟಿಸದೆ ಹೋದ.

ಐವತ್ತರ ದಶಕದಲ್ಲಿ ಅಮೆರಿಕದ ಮನೆಮನೆಗೆ ಟೆಲಿವಿಷನ್ ಬಂತು. ಅದರ ಜೊತೆಗೆ ಬಂದವನು ಕೌಬಾಯ್. 'ದ ಲೋನ್ ರೇಂಜರ್' 1949ರಲ್ಲಿ, 'ಗನ್‌ಸ್ಮೋಕ್' 1955ರಲ್ಲಿ, 'ಬೊನಾಂಜಾ' 1959ರಲ್ಲಿ ಆರಂಭವಾದವು. 'ಗನ್‌ಸ್ಮೋಕ್'ನ ನಾಯಕ ಜೇಮ್ಸ್ ಆರ್ನೆಸ್ ಸಾಬುವಿಗಿಂತ ಎಂಟು ತಿಂಗಳು ದೊಡ್ಡವನು. ಆತನೂ ಯುದ್ಧಕ್ಕೆ ಹೋದವನು. ಇಟಲಿಯ ಆಂಜಿಯೊದಲ್ಲಿ ಕಾಲಿಗೆ ಗುಂಡು ಬಿದ್ದು ಜೀವಮಾನವಿಡೀ ನೋವು ಅನುಭವಿಸಿದವನು. ಆತನಿಗೂ ಸಿಕ್ಕದ್ದು ಒಂದೇ ಪಾತ್ರ, ಡಾಡ್ಜ್ ಸಿಟಿಯ ಮಾರ್ಷಲ್ ಮ್ಯಾಟ್ ಡಿಲನ್. ಆ ಒಂದೇ ಪಾತ್ರವನ್ನು 1975ರವರೆಗೆ ಇಪ್ಪತ್ತು ವರ್ಷ ಮಾಡಿದ. 635 ಕಂತುಗಳು ಬಂದವು. ಆರ್ನೆಸ್‌ನ ತಲೆಗೂದಲು ನರೆಯುತ್ತಿದ್ದಂತೆ ಮಾರ್ಷಲ್‌ನ ಕೂದಲೂ ನರೆಯಿತು. ಜನ ಅದನ್ನು ಒಪ್ಪಿಕೊಂಡರು. ಒಂದೇ ಪಾತ್ರಕ್ಕೆ ಕಟ್ಟಿಬೀಳುವುದು ನಟನಿಗೆ ಯಾವಾಗಲೂ ಶಾಪವೇ ಎಂದು ಹೇಳಲಾಗದು. ಆ ಪಾತ್ರಕ್ಕೆ ವಯಸ್ಸಾಗಲು ಬಿಡುತ್ತಾರೋ ಇಲ್ಲವೋ ಎಂಬುದನ್ನು ನೋಡಬೇಕು. ಕೌಬಾಯ್‌ಗೆ ಬಿಟ್ಟರು. ಆನೆಯ ಹುಡುಗನಿಗೆ ಬಿಡಲಿಲ್ಲ.

ಸಾಬುವನ್ನಿಟ್ಟುಕೊಂಡೂ ಟೆಲಿವಿಷನ್ ಧಾರಾವಾಹಿ ಮಾಡಲು ನೋಡಿದರು. ಮಾದರಿಗೆಂದು ತೆಗೆದ ಕಂತುಗಳನ್ನು ಕೊಳ್ಳುವವರು ಸಿಗಲಿಲ್ಲ. ಅವನ್ನೇ ಜೋಡಿಸಿ 1957ರಲ್ಲಿ 'ಸಾಬು ಅಂಡ್ ದ ಮ್ಯಾಜಿಕ್ ರಿಂಗ್' ಎಂಬ ಸಿನಿಮಾ ಮಾಡಿ ಬಿಡುಗಡೆ ಮಾಡಿದರು. ಮೂವತ್ತಮೂರು ವರ್ಷದ, ಯುದ್ಧದ ಪದಕ ಪಡೆದ, ಎರಡು ಮಕ್ಕಳ ತಂದೆ ಅದರಲ್ಲಿ ಆನೆ ಲಾಯದ ಆಳು.

ನಮ್ಮಲ್ಲೂ ಟೆಲಿವಿಷನ್ ಒಬ್ಬ ಹುಡುಗನನ್ನು ದೇಶಕ್ಕೆಲ್ಲ ಪರಿಚಯಿಸಿತ್ತು. ಶಂಕರ್‌ನಾಗ್ ಆಗುಂಬೆಯಲ್ಲಿ ತೆಗೆದ 'ಮಾಲ್ಗುಡಿ ಡೇಸ್'ನ ಸ್ವಾಮಿ, ಮಾಸ್ಟರ್ ಮಂಜುನಾಥ್. ಅವರು ಹರೆಯದಲ್ಲೇ ನಟನೆ ಬಿಟ್ಟು, ಓದು ಮುಗಿಸಿ, ಬೇರೆ ಉದ್ಯೋಗ ಹಿಡಿದರು. ಬಿಡುವುದಕ್ಕೂ ಹಿಂದೆ ಒಂದು ಮನೆ, ಹೋಗಲು ಒಂದು ಕಾಲೇಜು ಬೇಕು. ಸಾಬುವಿಗೆ ಅವೆರಡೂ ಇರಲಿಲ್ಲ. ಟಿ.ವಿ.ಯ ಹಾಡಿನ, ಕುಣಿತದ ಸ್ಪರ್ಧೆಗೆ ಮಕ್ಕಳನ್ನು ಕೈಹಿಡಿದು ಕರೆದೊಯ್ಯುವ ತಂದೆತಾಯಿಗಳು ಈ ಇಬ್ಬರನ್ನೂ ನೆನೆಯಬೇಕು. ಹುಡುಗ ಚೆನ್ನಾಗಿ ಹಾಡುತ್ತಾನೋ ಇಲ್ಲವೋ ಎಂದು ಎಲ್ಲರೂ ಕೇಳುತ್ತಾರೆ. ದನಿ ಒಡೆದ ಮೇಲೆ ಅವನೇನು ಮಾಡಬೇಕು ಎಂದು ಯಾರೂ ಕೇಳುವುದಿಲ್ಲ.

ಸಾಬು ಅಣ್ಣನೊಂದಿಗೆ ಕುರ್ಚಿ ಮೇಜುಗಳ ಅಂಗಡಿ ಇಟ್ಟಿದ್ದ. ಜಮೀನು ಮನೆಗಳ ವ್ಯವಹಾರಕ್ಕೂ ಕೈಹಾಕಿದ್ದ. ಕುಡಿತ, ಜಗಳ, ಸಾಲದಲ್ಲಿ ಮುಳುಗಿದ ಮಾಜಿ ಬಾಲನಟರ ಕಥೆಗಳು ಹಾಲಿವುಡ್ಡಿನಲ್ಲಿ ಬೇಕಾದಷ್ಟಿವೆ. ಸಾಬುವಿನದು ಹಾಗಾಗಲಿಲ್ಲ ಎಂಬುದನ್ನು ಹೇಳಲೇಬೇಕು. ಆದರೆ 1960ರಲ್ಲಿ ಅಂಗಡಿಯಲ್ಲಿ ನಡೆದ ದರೋಡೆಯ ಯತ್ನದಲ್ಲಿ ಅಣ್ಣ ಕೊಲೆಯಾದ. ಮೈಸೂರಿನಿಂದ ಜೊತೆಗೆ ಹಡಗು ಹತ್ತಿದ್ದವನು, ಹೆಸರು ಹಂಚಿಕೊಂಡಿದ್ದವನು ಹೋದ.

1963ರಲ್ಲಿ ಎರಡು ಚಿತ್ರಗಳಲ್ಲಿ ಕೆಲಸ ಸಿಕ್ಕಿತು. ಎರಡನೆಯದು ಡಿಸ್ನಿ ಕಂಪನಿಯ 'ಎ ಟೈಗರ್ ವಾಕ್ಸ್'. ಹುಲಿ ಪಳಗಿಸುವ ಭಾರತೀಯನ ಪಾತ್ರ. ಅದು ತೆರೆಗೆ ಬರುವ ಮೊದಲೇ, ಡಿಸೆಂಬರ್ 2ರಂದು, ಚಾಟ್ಸ್‌ವರ್ತ್ ಮನೆಯಲ್ಲಿ ಹೃದಯಾಘಾತವಾಗಿ ಸಾಬು ತೀರಿಕೊಂಡ. ವಯಸ್ಸು 39. ಎರಡು ದಿನ ಮುಂಚೆ ವೈದ್ಯರು ಪರೀಕ್ಷಿಸಿ ಆರೋಗ್ಯ ಉತ್ತಮವಾಗಿದೆ ಎಂದಿದ್ದರೆಂದು ಪತ್ನಿ ಮುಂದೆ ನೆನಪಿಸಿಕೊಂಡರು. ಲಾಸ್ ಏಂಜಲೀಸಿನ ಫಾರೆಸ್ಟ್ ಲಾನ್ ಸ್ಮಶಾನದಲ್ಲಿ ಮಣ್ಣು ಮಾಡಿದರು.

ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮುಂದೆ ಖೆಡ್ಡಾದ ಜಾಗ ಕಬಿನಿ ಜಲಾಶಯದ ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅಲ್ಲಿ ಹುಲ್ಲು ಚಿಗುರುತ್ತದೆ. ಕಾಡಾನೆಗಳು ನೂರಾರು ಸಂಖ್ಯೆಯಲ್ಲಿ ಮೇಯಲು ಬರುತ್ತವೆ. ಅವನ್ನು ನೋಡಲು ಕಾರಾಪುರಕ್ಕೆ ದೇಶವಿದೇಶದ ಪ್ರವಾಸಿಗಳು ಕ್ಯಾಮೆರಾ ಹಿಡಿದು ಬರುತ್ತಾರೆ. ಸಾಬುವಿನ ಮಗ ಪಾಲ್ ಸಂಗೀತಗಾರನಾದ. ಮಗಳು ಜಾಸ್ಮಿನ್ ಕುದುರೆ ಪಳಗಿಸುವವಳಾದಳು. ಸಿನಿಮಾಗಳಿಗೂ ಪ್ರಾಣಿಗಳನ್ನು ತಯಾರು ಮಾಡಿಕೊಡುತ್ತಿದ್ದಳು. ಅಪ್ಪನ ಹಾಗೆ ಕ್ಯಾಮೆರಾದ ಮುಂದಲ್ಲ, ಹಿಂದೆ ನಿಂತು. 2001ರಲ್ಲಿ ಅವಳೂ ತೀರಿಕೊಂಡಳು.